ಟೈಲ್ಸ್ ಹಾಕದೆ ಬಿಟ್ಟ ಜಾಗ

"ಮೇಸ್ತ್ರಿ ಎಲ್ಲದಾನ್ರಿ ಮೇಡಂ? ಫೋನ್ ಹಚ್ಚಿ ಕೊಡ್ರಿ, ನಾನ ಮಾತಾಡ್ತೀನಿ."

ಕೊಟ್ಟೂರಿನ ಹಾರ್ಡ್‌ವೇರ್ ಅಂಗಡಿಯವರು ನನ್ನ ಮೊಬೈಲಿಗೆ ಕೈ ಚಾಚಿದರು. ನಾನು ಕೇಳಿದ್ದು ಟೈಲ್ಸ್ ಕತ್ತರಿಸುವ ಸಾಮಾನು. ಅವರು ಕೇಳುತ್ತಿದ್ದದ್ದು ಅದನ್ನು ಹಿಡಿಯುವ ಗಂಡಸನ್ನು.

"ಮೇಸ್ತ್ರಿ ಇಲ್ರಿ."

"ಮತ್ತ ಟೈಲ್ಸ್ ಯಾರು ಕೂರಿಸ್ತಾರ?"

"ನಾನ."

ಅವರು ನನ್ನ ಮುಖ ನೋಡಿದರು. ಹೆಗಲ ಚೀಲ ನೋಡಿದರು. ನಂತರ ನನ್ನ ಹಿಂದೆ ಯಾರಾದರೂ ನಿಂತು ನಗುತ್ತಿದ್ದಾರೇನೋ ಎಂದು ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಪೈಪು ಕೊಳ್ಳಲು ಬಂದಿದ್ದ ಹಿರಿಯರೊಬ್ಬರು ಮಾತ್ರ ತಿರುಗಿ, "ಏನ್ ತಂಗಿ, ಕಾಲೇಜಿನಾಗ ಈಗ ಇದನ್ನೂ ಕಲಸ್ತಾರೇನು?" ಎಂದರು.

"ಇಲ್ರಿ. ನಾನು ಗೆಸ್ಟ್ ಲೆಕ್ಚರರ್, ಕಲಸೋದು ಕೆಮಿಸ್ಟ್ರಿ."

"ಹಂಗಾರ ಸಿಮೆಂಟ್ ಕಲಸೋದು ಕಷ್ಟ ಆಗಂಗಿಲ್ಲ ಬಿಡು," ಎಂದು ಅವರೇ ನಕ್ಕರು. ಅಂಗಡಿಯವರೂ ನಕ್ಕರು. ನಾನೂ ಸ್ವಲ್ಪ ನಕ್ಕೆ. ನಗದಿದ್ದರೆ ಸಾಮಾನು ತೋರಿಸುತ್ತಿರಲಿಲ್ಲ ಅನ್ನಿಸುತ್ತದೆ.

(ನಾನು ಅತಿಥಿ ಉಪನ್ಯಾಸಕಿ ಅನ್ನುವುದು ಈ ಅಂಕಣ ಓದುವವರಿಗೆ ಗೊತ್ತು. ಸೆಮಿಸ್ಟರ್ ಮುಗಿದ ಕೂಡಲೇ ಅತಿಥಿಗಳು ಮನೆಗೆ ಹೋಗಬೇಕು. ಹಾಗಾಗಿ ಕೈಯಲ್ಲಿ ಬಿಡುವಿತ್ತು.)

ಒಬ್ಬ ಕೆಮಿಸ್ಟ್ರಿ ಮೇಡಂಗೆ ಟೈಲ್ಸ್ ಕತ್ತರಿಸುವ ದರ್ದು ಯಾಕೆ ಬಂತು? ಇಲ್ಲಿ ಮನೆಯ ಮಾತು ಬರುತ್ತದೆ. ಮನೆಯ ಮಾತನ್ನು ಪೇಪರಿನಲ್ಲಿ ಹಾಕುವುದು ನನಗೆ ಹಿಡಿಸುವುದಿಲ್ಲ. ಈ ವಾರ ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ಹೆಸರು ಹಾಕಬ್ಯಾಡ, ಅಷ್ಟ," ಅಂದಳು. ಹಾಕಿಲ್ಲ.

ನಮ್ಮ ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ಮನೆಯಲ್ಲಿ ಅವ್ವ, ನಾನು, ಇಬ್ಬರೇ. ಅಕ್ಕನನ್ನು ಕೊಟ್ಟದ್ದು ಹರಪನಹಳ್ಳಿಗೆ. ದೂರವೇನಲ್ಲ, ನಡುವೆ ಕೊಟ್ಟೂರು ಸಿಗುತ್ತದೆ, ಬಸ್ಸಿಗೆ ಬರವಿಲ್ಲ. ಆದರೂ ಮೊದಲ ಬಾಣಂತನದ ನಂತರ ಅಕ್ಕ ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ.

ಆ ಬಾಣಂತನ ನಡೆದದ್ದು ನಮ್ಮ ಮನೆಯಲ್ಲೇ. ಚೊಚ್ಚಲು ತವರಲ್ಲಿ ಆಗಬೇಕಲ್ಲವೇ? ಬಾಣಂತಿಗೆ ಎಣ್ಣೆ ಹಚ್ಚಿ, ಬೆನ್ನ ಮೇಲೆ ಸುಡುಸುಡು ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು ಮಲಗಿಸುವ ಪದ್ಧತಿ ನಮ್ಮದು. ಎಲ್ಲವೂ ಬಚ್ಚಲಿನಿಂದಲೇ ಶುರು. ನಮ್ಮ ಬಚ್ಚಲಿನ ನೆಲ ಹಳೆಯ ಕಡಪಾ ಕಲ್ಲು. ವರ್ಷಗಟ್ಟಲೆ ನೀರು, ಸೀಗೆಪುಡಿ, ಎಣ್ಣೆ ಕುಡಿದು ಕನ್ನಡಿಯಾಗಿತ್ತು. ಒಂದು ದಿನ ಸ್ನಾನ ಮುಗಿಸಿ ಏಳುವಾಗ ಅಕ್ಕ ಜಾರಿದಳು. ಮಗು ಅವ್ವನ ಕೈಯಲ್ಲಿತ್ತು, ಅದಕ್ಕೇನೂ ಆಗಲಿಲ್ಲ. ಅಕ್ಕನ ಮುಂಗೈ ಮೂಳೆ ಮುರಿಯಿತು.

ಅವಳ ಅತ್ತೆ ಕಾರು ಮಾಡಿಕೊಂಡು ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಚ್ಚಲ ಬಾಗಿಲಲ್ಲಿ ನಿಂತು ನೆಲವನ್ನೊಮ್ಮೆ ನೋಡಿ, "ಹೊರಡಮ್ಮ," ಅಂದರು. ಪ್ಲಾಸ್ಟರ್ ಹಾಕಿದ ಕೈ, ಟವೆಲಿನಲ್ಲಿ ಸುತ್ತಿದ ಕೂಸು, ಅರ್ಧಕ್ಕೆ ನಿಂತ ಬಾಣಂತನ. ಕಾರು ಹೋಯಿತು. ಆಮೇಲೆ ಅಕ್ಕ ಬಂದದ್ದೆಲ್ಲ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವ ಬರವು. ಮದುವೆಗೆ ಬಂದ ನೆಂಟರ ಹಾಗೆ.

ಈಗ ಆ ಕೂಸು ಎಲ್‌ಕೆಜಿಗೆ ಹೋಗುತ್ತಿದೆ. ಅಕ್ಕ ಮತ್ತೆ ಬಸುರಿ. ಅವ್ವ ಫೋನ್ ಮಾಡಿ, ಹಲಸಿನ ಹಣ್ಣಿನ ಹಾಗೆ ಸುತ್ತಲೂ ಮುಳ್ಳಿರುವ ಮಾತನ್ನು ಮೆಲ್ಲಗೆ ಕೇಳಿದಳು: "ಬೀಗ್ತಿಯಾರ, ಈ ಸಲಾನೂ ನಮ್ಮಲ್ಲೇ ಕಳಸ್ತೀರೇನು?"

ಅತ್ತೆಯ ದನಿ ಸ್ಪೀಕರಿನಲ್ಲಿ ಕೇಳಿಸಿತು. "ಎರಡನೇದು ತವರಲ್ಲೇ ಆಗ್ಬೇಕು ಅಂತೇನಿಲ್ಲ. ಆ ನೆಲ ನೆನಪಾದ್ರೆ ನನಗೆ ಈಗ್ಲೂ ಎದೆ ಹೊಡ್ಕಂತದೆ. ಮೊದ್ಲು ಬಚ್ಚಲು ಸರಿ ಮಾಡಿಸ್ರಿ. ಬಂದು ನೋಡ್ತೀನಿ. ಆಮೇಲೆ ಮಾತು."

ಭಾವ ಒಳ್ಳೆಯವರು. ಪಕ್ಕದಿಂದಲೇ ಪರಿಹಾರ ಕೊಟ್ಟರು. "ಆ ಒಲೆ ಕಿತ್ತಾಕಿಸಿ, ಗೀಸರ್ ಹಾಕ್ಸಿ, ಗೋಡೆವರೆಗೂ ಟೈಲ್ಸ್ ಹೊಡೆಸಿಬಿಡ್ರಿ."

ಆಗ ಅಕ್ಕ ಫೋನ್ ಕಿತ್ತುಕೊಂಡಳು. "ಲೇ ಸಣ್ಣಾಕಿ, ನೆಲ ಏನಾರ ಮಾಡು. ಒಲಿ ಮಾತ್ರ ಮುಟ್ಟಬ್ಯಾಡ."

ಅಷ್ಟೇ. ಫೋನ್ ಇಟ್ಟಳು. ಸಾಮಾನು ನಾನೇ ಹಿಡಿಯಬೇಕಾಗಿ ಬಂದದ್ದು ಆ ಒಂದು ಮಾತಿನಿಂದ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಬಚ್ಚಲಿನ ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ತಾಮ್ರದ ಹಂಡೆ. ಒಲೆ ಗುಂಡಗಿದೆ. ಅದರ ಬಾಯಿಯ ಮುಂದೆ, ಅರ್ಧ ರೊಟ್ಟಿಯ ಆಕಾರದಲ್ಲಿ ಕಡಿದು ಕೂರಿಸಿದ ಕಲ್ಲೊಂದಿದೆ. ಒಲೆಗೆ ನೀರು ನುಗ್ಗದಿರಲಿ ಎಂದು ಉಳಿದ ನೆಲಕ್ಕಿಂತ ಒಂದು ಬೆರಳು ಎತ್ತರ. ಚಳಿಗಾಲದ ಬೆಳಗ್ಗೆ ಆ ಕಲ್ಲಿನ ಮೇಲೆ ಇಬ್ಬರು ಹುಡುಗಿಯರು ಕೂರಬಹುದು, ಮೊಣಕಾಲು ಮಡಚಿ, ಹೆಗಲಿಗೆ ಹೆಗಲು ಒತ್ತಿ. ನಾವು ಕೂರುತ್ತಿದ್ದೆವು. ಮೆಕ್ಕೆಜೋಳದ ಬೆಂಡು ಒಂದೊಂದೇ ಒಲೆಗೆ ತಳ್ಳುತ್ತ, ನೀರು ಕಾದಿದ್ದರೂ "ಇನ್ನೂ ಕಾದಿಲ್ಲವ್ವ" ಎಂದು ಕೂಗುತ್ತ.

ಹೊರಗೆ ಹೇಳಲಾಗದ್ದನ್ನೆಲ್ಲ ಹೇಳಿಕೊಂಡದ್ದು ಅಲ್ಲಿ. ಅಕ್ಕನನ್ನು ನೋಡಲು ಹುಡುಗ ಬಂದು ಹೋದ ಮರುದಿನ ಬೆಳಗ್ಗೆ "ಹೆಂಗದಾನಲೇ?" ಎಂದು ನಾನು ಕೇಳಿದ್ದು ಅಲ್ಲೇ. ಅವಳು ಬಹಳ ಹೊತ್ತು ಬೆಂಕಿ ನೋಡಿ, "ಕಿವಿ ದೊಡ್ಡವು ಅದಾವು. ಹೇಳಿದ್ದು ಕೇಳಸ್ತೈತಿ ಬಿಡು," ಅಂದಿದ್ದಳು. (ಭಾವ ಇದನ್ನು ಓದುತ್ತಾರೆ. ಕ್ಷಮಿಸಬೇಕು.)

ಸರಿ, ಒಲೆ ಉಳಿಯಬೇಕು. ನೆಲ ಜಾರಬಾರದು. ಟೈಲ್ಸ್ ಹುಡುಗರನ್ನು ವಿಚಾರಿಸಿದೆ. ಎಲ್ಲರೂ ಹೊಸಪೇಟೆ ಕಡೆ ದೊಡ್ಡ ಕೆಲಸ ಹಿಡಿದು ಹೋಗಿದ್ದಾರೆ. ಒಂದು ಬಚ್ಚಲಿಗೆಂದು ಯಾರು ಬರುತ್ತಾರೆ? ಒಬ್ಬ ಮಾತ್ರ ಬಂದು ಇಣುಕಿದ. ಒಲೆ ನೋಡಿದವನೇ, "ಇದನ್ನ ಒಡೀರಿ, ಇಲ್ಲಾಂದ್ರ ಈ ರೌಂಡ್ ಕಟಿಂಗಿಗೆ ನನಗ ಟೈಮಿಲ್ಲ," ಎಂದು ಹೋದ.

ಆವತ್ತು ಸಂಜೆ ನಾನು ಫೋನಿನಲ್ಲಿ ಟೈಲ್ಸ್ ಕೂರಿಸುವ ವಿಡಿಯೋ ನೋಡುತ್ತ ಕೂತೆ. ಅವ್ವ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಎಮ್ಮೆಸ್ಸಿ ಮಾಡಿದಾಕಿ ಗೌಂಡಿ ಆಗ್ತಾಳ ನೋಡು. ನಿನ್ನ ನೋಡಾಕ ಬಂದವರಿಗೆ ಏನಂತ ಹೇಳಲಿ? ಹುಡುಗಿ ಅಡಿಗಿ ಮಾಡ್ತಾಳ, ಗೋಡಿನೂ ಕಟ್ತಾಳ ಅಂತ ಹೇಳಲೇನು?"

"ನೋಡಾಕ ಯಾರು ಬಂದಾರ?"

"ಬರ್ತಾರ. ಟೈಲ್ಸ್ ಹಾಕಿಸ್ಕೊಳ್ಳಾಕಾದ್ರೂ ಬರ್ತಾರ."

ನಮ್ಮೂರಲ್ಲಿ ಯಾವ ಕಟ್ಟಡ ಏಳುತ್ತಿದ್ದರೂ ಅಲ್ಲಿ ಹೆಂಗಸರಿರುತ್ತಾರೆ. ಮರಳು ಜರಡಿ ಹಿಡಿಯುವವರು, ಸಿಮೆಂಟ್ ಬುಟ್ಟಿ ಹೊರುವವರು, ಮಧ್ಯಾಹ್ನ ಅದೇ ಮರಳಿನ ಮೇಲೆ ಕೂಸಿಗೆ ಹಾಲು ಕೊಡುವವರು. ಭಾರ ಹೊರುವುದಕ್ಕೆ ಯಾರೂ ಬೇಡ ಅಂದಿಲ್ಲ. ಅಳತೆ ಟೇಪು, ಮಟ್ಟಗೋಲು, ಕಟ್ಟರ್ ಮಾತ್ರ ಅವರ ಕೈಗೆ ಬರುವುದಿಲ್ಲ. ಯಾಕೆ? ಟೈಲ್ಸಿಗಿಂತ ಬುಟ್ಟಿ ಹಗುರವೇ?

ಮತ್ತೆ ಕೊಟ್ಟೂರಿನ ಅಂಗಡಿಗೆ ಬರೋಣ. ಹೊಸದಾಗಿ ಕಲಿಯುವವರು ಯಾವ ಸಾಮಾನು ಕೊಳ್ಳಬೇಕು ಅನ್ನುವುದು ನಿಮಗೂ ಎಂದಾದರೂ ಬೇಕಾಗಬಹುದು.

ಅವರು ಮೊದಲು ತೆಗೆದಿಟ್ಟದ್ದು ಕರೆಂಟಿನ ಮಷಿನ್. ಕೈಯಲ್ಲಿ ಹಿಡಿಯುವಂಥದ್ದು, ತುದಿಯಲ್ಲಿ ಗುಂಡಗಿನ ಡೈಮಂಡ್ ಬ್ಲೇಡ್. "ಇದೊಂದಿದ್ರ ಮುಗೀತು ಮೇಡಂ. ಉದ್ದ ಹೊಡೀರಿ, ಅಡ್ಡ ಹೊಡೀರಿ, ಎಲ್ಲಾ ಬೆಣ್ಣಿ ಬೆಣ್ಣಿ." ಸ್ವಿಚ್ ಒತ್ತಿ ತೋರಿಸಿದರು. ಆ ಸದ್ದಿಗೆ ಪೈಪಿನ ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಅವರ ಹಿಂದೆ ಸರಿದೆ.

ಎರಡನೆಯದು ಕೈಕಟ್ಟರ್. ಒಂದು ಹಲಗೆ, ಅದರ ಮೇಲೆ ರೈಲು ಹಳಿಯಂಥ ಎರಡು ಕಂಬಿ, ಕಂಬಿಗಳ ಮೇಲೆ ಓಡಾಡುವ ಹಿಡಿಕೆ, ಹಿಡಿಕೆಯ ಕೆಳಗೆ ಕಡಲೆಬೇಳೆಯಷ್ಟು ಸಣ್ಣ ಗಾಲಿ. ಟೈಲ್ಸ್ ಇಟ್ಟು ಎಳೆದರೆ ಗಾಲಿ ಒಂದು ಗೆರೆ ಗೀರುತ್ತದೆ. ಹಿಡಿಕೆಯನ್ನು ಕೆಳಕ್ಕೆ ಒತ್ತಿದರೆ ಗೆರೆಗೆ ಸರಿಯಾಗಿ ಟಕ್ ಎಂದು ಮುರಿಯುತ್ತದೆ. ಕರೆಂಟು ಬೇಡ, ದೂಳಿಲ್ಲ, ಸದ್ದಿಲ್ಲ. ಆದರೆ ನೇರ ಮಾತ್ರ. ಗುಂಡಗೆ ಕತ್ತರಿಸು ಅಂದರೆ ಅದಕ್ಕೆ ಗೊತ್ತಾಗುವುದಿಲ್ಲ.

ಮೂರನೆಯದು ಇಕ್ಕಳ. ಟೈಲ್ಸಿನ ಅಂಚನ್ನು ಇಲಿ ಕಡಿದ ಹಾಗೆ ಚೂರುಚೂರೇ ಕಡಿಯುವಂಥದ್ದು.

"ಮಷಿನ್ ತಗೊಳ್ರಿ. ಇಕ್ಕಳದಾಗ ಕೂತ್ರ ನಿಮ್ಮ ಬಚ್ಚಲ ಮುಗಿಯೂದ್ರಾಗ ನಿಮಗ ನೌಕರಿ ಪರ್ಮನೆಂಟ್ ಆಗಿರ್ತೈತಿ," ಅಂದರು.

(ಅತಿಥಿ ಉಪನ್ಯಾಸಕರ ವಿಷಯ ಹಾರ್ಡ್‌ವೇರ್ ಅಂಗಡಿಗೂ ಗೊತ್ತು.)

ನಾನು ಲೆಕ್ಕ ಹಾಕಿದೆ. ಮಷಿನ್ ಹಿಡಿದು ತಪ್ಪಿದರೆ ಹೋಗುವುದು ಬೆರಳು. ಕೈಕಟ್ಟರ್ ಹಿಡಿದು ತಪ್ಪಿದರೆ ಹೋಗುವುದು ಟೈಲ್ಸ್. ಕಲಿಯುವವರು ಯಾವ ಸಾಮಾನನ್ನೇ ಕೊಳ್ಳಲಿ, ಅದರಿಂದ ಕೆಲಸ ಎಷ್ಟು ಬೇಗ ಆಗುತ್ತದೆ ಎಂದು ಕೇಳುವುದಕ್ಕಿಂತ ತಪ್ಪಾದರೆ ಏನು ಹೋಗುತ್ತದೆ ಎಂದು ಕೇಳುವುದು ಒಳ್ಳೆಯದು. ಲ್ಯಾಬಿನಲ್ಲಿ ಆಸಿಡ್ ಬಾಟಲಿ ಮುಟ್ಟುವ ಮೊದಲು ನಾನು ಹುಡುಗಿಯರಿಗೆ ಹೇಳುವುದೂ ಇದನ್ನೇ.

ಕೈಕಟ್ಟರ್, ಇಕ್ಕಳ, ಕಣ್ಣಿಗೆ ಕನ್ನಡಕ, ಉಜ್ಜಲು ಒಂದು ಸಾಣೆಕಲ್ಲು. ಟೈಲ್ಸು ಅಡಿ ಅಳತೆಯವು, ಮೇಲ್ಮೈ ಒರಟು, ಸಿರಾಮಿಕ್. (ಬಚ್ಚಲಿಗೆ ಹೊಳೆಯುವ ಟೈಲ್ಸ್ ಹಾಕಿಸುವವರ ಮನೆಯಲ್ಲಿ ಮೂಳೆ ಡಾಕ್ಟರಿದ್ದಾರೆಯೇ?) ಟೈಲ್ಸನ್ನು ಗೂಡ್ಸ್ ಗಾಡಿಯಲ್ಲಿ ಕಳಿಸುತ್ತೇನೆಂದರು. ಹೊರಡುವಾಗ ಅಂಗಡಿಯವರು ಗಂಭೀರವಾಗಿಯೇ ಹೇಳಿದರು: "ಗಾಲಿ ಒಂದ ಸಲ ಎಳೀರಿ ಮೇಡಂ. ಸರಿ ಬಿತ್ತೋ ಇಲ್ಲೋ ಅಂತ ತಿರುಗಿ ಅದ ಗೆರಿ ಮ್ಯಾಲೆ ಎಳದ್ರಿ ಅಂದ್ರ ಅಡ್ಡಾದಿಡ್ಡಿ ಒಡೀತೈತಿ."

ಬಸ್ ಸ್ಟ್ಯಾಂಡಿನಲ್ಲಿ ಕಟ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಹಗರಿಬೊಮ್ಮನಹಳ್ಳಿ ಬಸ್ ಬಂದಿರಲಿಲ್ಲ. ಎದುರಿಗೆ ಹರಪನಹಳ್ಳಿ ಬಸ್ ನಿಂತಿತ್ತು. ಕಂಡಕ್ಟರ್ ಬಾಗಿಲಿಗೆ ಬಡಿಯುತ್ತ, "ಹರ್ಪನಳ್ಳಿ, ಹರ್ಪನಳ್ಳಿ, ಸೀಟ್ ಅದಾವು," ಎಂದು ಕೂಗುತ್ತಿದ್ದ. ಹತ್ತಿದರೆ ಒಂದು ಗಂಟೆ ಚಿಲ್ಲರೆಯಲ್ಲಿ ಅಕ್ಕನ ಮನೆ ಬಾಗಿಲು. ಹೋಗಿ ಏನು ಹೇಳುವುದು? ಕರೆಯದೆ ಬಂದವಳು ಮೊದಲು ಅತ್ತೆಯ ಹತ್ತಿರ ಕೂರಬೇಕು, ಟೀ ಕುಡಿಯಬೇಕು, ಅಕ್ಕ ಅಡುಗೆಮನೆಯಿಂದ ಒಂದು ನಗು ಕಳಿಸುತ್ತಾಳೆ, ಸಂಜೆ ವಾಪಸು. ಆ ಮನೆಯಲ್ಲಿ ನಾವಿಬ್ಬರೇ ಕೂರುವ ಜಾಗವಿಲ್ಲ.

ಕಟ್ಟರಿನ ಫೋಟೋ ತೆಗೆದು ಅವಳಿಗೆ ಕಳಿಸಿದೆ. "ಬರ್ಲೇನು?" ಎಂದು ಟೈಪ್ ಮಾಡಿ ಅಳಿಸಿದೆ. ಅವಳಿಂದ ನಗುವ ಮುಖವೊಂದು ಬಂತು. ಆಮೇಲೆ ಬಹಳ ಹೊತ್ತು 'ಟೈಪಿಂಗ್' ಎಂದು ತೋರಿಸಿ, ಏನೂ ಬರಲಿಲ್ಲ. ಹರಪನಹಳ್ಳಿ ಬಸ್ ಹೊರಟಿತು. ಅದರಲ್ಲಿ ಸೀಟು ಖಾಲಿಯೇ ಇದ್ದವು.

ಕೆಲಸ ಶುರುವಾಯಿತು. ಹಳೆಯ ಕಲ್ಲನ್ನು ತಿಕ್ಕಿ ತೊಳೆದು, ಹಿಡಿತ ಸಿಗಲೆಂದು ಉಳಿಯಿಂದ ಗಾಯ ಮಾಡಿ, ಅದರ ಮೇಲೆ ಸಿಮೆಂಟ್ ಹಾಸು. ಅವ್ವ ಸೆರಗು ಸಿಕ್ಕಿಸಿ ಸಿಮೆಂಟ್ ಕಲಸಲು ನಿಂತಳು. "ನೀ ಬ್ಯಾಡ, ಅತ್ತಾಗ ಸರಿ. ಹಪ್ಪಳದ ಹಿಟ್ಟು ನಾದಿದ ಕೈ ಇದು," ಎಂದು ನನ್ನ ಕರಣೆಯನ್ನೇ ಕಸಿದುಕೊಂಡಳು. ನೆಲ ಸಾರಿಸಿ ಪಳಗಿದ ಅಂಗೈಯಿಂದ ಹಾಸನ್ನು ಸವರಿ, ಮೋರಿಯ ಕಡೆ ಇಳಿಜಾರು ಬಿಡಿಸಿದಳು. ನಾನು ಮಟ್ಟ ನೋಡಿ ತಿದ್ದಿದೆ. ಒಂದು ಕಡೆ ಅವಳು ತಪ್ಪು, ಇನ್ನೊಂದು ಕಡೆ ನಾನು ತಪ್ಪು. ಅದಕ್ಕೂ ಜಗಳವಾಯಿತು.

ಮೊದಲ ಟೈಲ್ಸ್ ಕತ್ತರಿಸುವಾಗ ನನ್ನ ಕೈ ಅನುಮಾನಿಸಿತು. ಎಳೆದ ಗೆರೆ ತೆಳ್ಳಗಾಯಿತೇನೋ ಎಂದು ಮತ್ತೊಮ್ಮೆ ಎಳೆದೆ. ಅಂಗಡಿಯವರು ಹೇಳಿದ ಹಾಗೆಯೇ ಅಡ್ಡಾದಿಡ್ಡಿ ಒಡೆಯಿತು. ಎರಡನೆಯದು ಸರಿಯಾಗಿ ಮುರಿಯಿತು. ಆ 'ಟಕ್' ಇದೆಯಲ್ಲ, ಅದನ್ನು ಹೇಗೆ ಹೇಳಲಿ? ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸುವುದೇ ನನ್ನ ಕೆಲಸ. ನಾನು ಮಾಡಿದ್ದೊಂದು ಮರುದಿನವೂ ಅಲ್ಲೇ ಇರುತ್ತದೆ ಅನ್ನುವ ಸುಖ ಹೊಸದು. ಗೋಡೆಯುದ್ದದ ತುಂಡುಗಳೆಲ್ಲ ಸಲೀಸಾಗಿ ಬಂದವು.

ಒಲೆಯ ಹತ್ತಿರ ಬಂದಾಗ ನಿಂತಿತು.

ನನ್ನ ಪ್ಲ್ಯಾನು ಒಲೆಯ ಬುಡದವರೆಗೂ ಟೈಲ್ಸ್ ಹಾಕುವುದಾಗಿತ್ತು, ಆ ಅರ್ಧ ರೊಟ್ಟಿಯಂಥ ಕಲ್ಲನ್ನೂ ಮುಚ್ಚಿ. ಪೂರ್ತಿ ಹೊಸದಾಗಿ ಕಾಣಬೇಕು, ಅತ್ತೆ ಬಾಯಿ ಮುಚ್ಚಬೇಕು. ಪೇಪರನ್ನು ಒಲೆಗೆ ಒತ್ತಿ ಆಕಾರ ತೆಗೆದು, ಟೈಲ್ಸಿನ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಇಕ್ಕಳ ಹಿಡಿದು ಕಡಿದೆ. ಚೂರು, ಚೂರು, ಚೂರು, ಇನ್ನೇನು ಮುಗಿಯಿತು ಅನ್ನುವಾಗ ಮೂಲೆ ಹಾರಿಹೋಯಿತು. ಇನ್ನೊಂದು. ಅದೂ ಹೋಯಿತು. ಒಲೆಯ ತಿರುವು ಬಹಳ ಬಿಗಿ. ಅಷ್ಟು ಆಳಕ್ಕೆ ಕಡಿದರೆ ಎರಡೂ ಬದಿಯಲ್ಲಿ ಉಳಿಯುವುದು ಕೊಂಬಿನಂಥ ಚೂಪು ತುದಿ, ಅದು ನಿಲ್ಲುವುದಿಲ್ಲ. ಅವ್ವ ಒಡೆದ ಚೂರುಗಳನ್ನು ಬುಟ್ಟಿಗೆ ತುಂಬುತ್ತ, "ಕುಂಟಾಬಿಲ್ಲೆ ಆಡಾಕ ಊರ ಹುಡುಗೇರಿಗೆಲ್ಲಾ ಸಾಕು," ಅಂದಳು. ಬುಟ್ಟಿಯನ್ನು ಬದಿಗೆ ಸರಿಸಿ ಮೆಲ್ಲಗೆ ಸೇರಿಸಿದಳು: "ಮಷಿನ್ನರ ತರಬೇಕಿತ್ತು. ಇಲ್ಲಾ... ಒಲಿ ತೆಗದ್ರ ಆಗತಿತ್ತು."

ನಾನು ಆ ಕಲ್ಲಿನ ಮೇಲೆ ಕೂತೆ. ಸುಮ್ಮನೆ, ಸುಸ್ತಾಗಿ. ಮೊಣಕಾಲು ಮಡಚಿ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ತಾನಾಗಿಯೇ ಉಳಿಯಿತು. ನಾನು ನಡುವೆ ಕೂತಿರಲಿಲ್ಲ. ನನ್ನ ಕಡೆ ಕೂತಿದ್ದೆ.

ಆಗ ಹೊಳೆದದ್ದು ಜ್ಯಾಮಿಟ್ರಿ. ಸಣ್ಣ ವೃತ್ತ ಕತ್ತರಿಸುವುದು ಕಷ್ಟ, ದೊಡ್ಡದು ಸುಲಭ. ಒಲೆಯ ಬುಡದ ಬದಲು ಈ ಕಲ್ಲಿನ ಅಂಚಿಗೇ ಟೈಲ್ಸ್ ನಿಲ್ಲಿಸಿದರೆ? ಸುತ್ತು ದೊಡ್ಡದಾಗುತ್ತದೆ, ಒಂದೊಂದು ಟೈಲ್ಸಿಗೆ ಬರುವುದು ಬರೀ ಸಣ್ಣ ಬಾಗು, ಇಕ್ಕಳಕ್ಕೆ ಸಾಕು. ಕಲ್ಲು ಹೇಗೂ ಒಂದು ಬೆರಳು ಎತ್ತರ, ಹೊಸ ನೆಲ ಅದರ ಸಮಕ್ಕೆ ಬಂದು ನಿಲ್ಲುತ್ತದೆ. ಬೆಂಕಿಯ ಕಾವಿಗೆ ಟೈಲ್ಸ್ ಸೀಳುವ ಭಯವೂ ಇಲ್ಲ.

ಎಲ್ಲ ಕಾರಣಗಳೂ ಸರಿಯಾಗಿದ್ದವು. ನಾನು ಆ ಕಲ್ಲನ್ನು ಬಿಟ್ಟದ್ದು ಆ ಕಾರಣಗಳಿಗಲ್ಲ.

ಕಡಿದೆ. ಉಜ್ಜಿದೆ. ಕಲ್ಲಿನ ಅಂಚಿಗೆ ಟೈಲ್ಸ್ ಸೀರೆಯ ಅಂಚಿನ ಹಾಗೆ ಸುತ್ತಿಕೊಂಡಿತು. ಒಂದೆರಡು ಕಡೆ ಹಲ್ಲು ಹಲ್ಲಾಗಿದೆ, ಸಿಮೆಂಟ್ ತುಂಬಿ ಮುಚ್ಚಿದ್ದೇನೆ. ನೋಡಿದವರಿಗೆ ಗೊತ್ತಾಗುತ್ತದೆ. ಗೊತ್ತಾಗಲಿ.

ಒಂದು ಭಾನುವಾರ ಅವರು ಬಂದರು. ಅತ್ತೆ, ಅಕ್ಕ. ಅಕ್ಕ ಹೊಟ್ಟೆ ಮುಂದೆ ಮಾಡಿಕೊಂಡು ನಿಧಾನಕ್ಕೆ ಆಟೋ ಇಳಿದಳು. ಅತ್ತೆ ಟೀ ಕುಡಿಯುವ ಮೊದಲೇ ಬಚ್ಚಲಿಗೆ ನಡೆದರು. ಸೀರೆ ನೆರಿಗೆ ಎತ್ತಿ ಹಿಡಿದು ಬರಿಗಾಲಲ್ಲಿ ನಿಂತರು. ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ಸುರಿದರು. ನಡೆದರು. ಇನ್ನೊಂದು ಚೊಂಬು ಸುರಿದು, ಬೇಕೆಂದೇ ಹಿಮ್ಮಡಿ ಒತ್ತಿ ತಿಕ್ಕಿ ನೋಡಿದರು. ಅವ್ವ ಬಾಗಿಲಲ್ಲಿ ನಿಂತು ದೇವರ ಮುಂದೆ ನಿಂತ ಹಾಗೆ ಕೈ ಕಟ್ಟಿಕೊಂಡಿದ್ದಳು. ಪರೀಕ್ಷೆ ಕೊಠಡಿಯಲ್ಲಿ ನಾನು ಪ್ರತಿ ಸೆಮಿಸ್ಟರ್ ನೋಡುವ ಹೆದರಿದ ಮುಖ. ಈ ಸಲ ಅದು ನನ್ನ ಮುಖ.

"ಹಿಡಿತೈತೆ," ಅಂದರು ಅತ್ತೆ. "ಚೆನ್ನಾಗಿ ಹಿಡಿತೈತೆ. ಯಾರು ಹಾಕಿದ್ದು?"

"ನನ್ನ ಮಗಳು!" ಅವ್ವ ಕೂಗಿಯೇಬಿಟ್ಟಳು. ಗೌಂಡಿ ಎಂದು ಬೈದವಳು ಇವಳೇನಾ?

"ಇಲ್ಲೊಂಚೂರು ಬಿಟ್ಟಿದೀಯಲ್ಲಮ್ಮ. ಟೈಲ್ಸ್ ಸಾಲ್ಲಿಲ್ವಾ?"

"ಒಲಿ ಕಾವಿಗೆ ಸೀಳ್ತಾವ್ರಿ ಅತ್ತಿ."

"ಅದೂ ನಿಜ." ಅವರು ಒಪ್ಪಿದರು. "ಸರಿ ಬೀಗ್ತಿಯಾರೆ, ನನ್ನದೇನೂ ಅಡ್ಡಿ ಇಲ್ಲ. ಬಾಣಂತನ ಇಲ್ಲೇ ಆಗ್ಲಿ. ಅವಳನ್ನೂ ಒಂದು ಮಾತು ಕೇಳಿ."

ಅವ್ವನ ಕಣ್ಣು ತುಂಬಿತು. ಇಬ್ಬರು ಹಿರಿಯರೂ ಟೀ ಕುಡಿಯಲು ಒಳಗೆ ಹೋದರು. ನಾನು ಗೆದ್ದಿದ್ದೆ.

ಅಕ್ಕ ಬಚ್ಚಲಿಗೆ ಬಂದಳು. ನೆಲ ನೋಡಲಿಲ್ಲ. ನೇರ ಒಲೆಯ ಹತ್ತಿರ ಹೋಗಿ, ಗೋಡೆ ಹಿಡಿದು, ಹೊಟ್ಟೆ ಸಂಭಾಳಿಸಿಕೊಂಡು ಆ ಕಲ್ಲಿನ ಮೇಲೆ ಕೂತಳು. ಅವಳ ಕಡೆ. ಕೈಯಿಂದ ಕಲ್ಲಿನ ಅಂಚು ಸವರಿದಳು, ಹಲ್ಲಾದ ಜಾಗದಲ್ಲಿ ಬೆರಳು ನಿಂತಿತು.

"ಸೀಳ್ತಾವಂತ ಬಿಟ್ಟಿಯೇನು?"

ನಾನು ಬೆಂಡಿನ ಬುಟ್ಟಿಯನ್ನು ಒಲೆಯ ಹತ್ತಿರ ಎಳೆದೆ.

"ಬಾ. ಕುಂದ್ರು."

ಕೂತೆ. ಮೂರು ಜನಕ್ಕೆ ಜಾಗ ಇಕ್ಕಟ್ಟಾಯಿತು. (ಹೊಟ್ಟೆಯಲ್ಲಿದ್ದದ್ದನ್ನೂ ಸೇರಿಸಿ.) ನಾನು ಒಲೆ ಹಚ್ಚಿದೆ. ಬೆಂಡು ಸಿಡಿಯತೊಡಗಿತು. ಅವಳು ಬೆಂಕಿ ನೋಡುತ್ತ ಹೇಳಿದಳು.

"ಅತ್ತಿ ಒಪ್ಪ್ಯಾಳ. ನಾನ ಬರಾಂಗಿಲ್ಲ ಸಣ್ಣಾಕಿ."

ನನಗೆ ಅರ್ಥವಾಗಲಿಲ್ಲ. "ಯಾಕ? ನೆಲ ಸರಿ ಆಗೇತಲ್ಲ?"

"ನೆಲದ್ದಲ್ಲಲೇ. ಮಗಳ ಸಾಲಿ ಐತಿ. ಆಕಿನ್ನ ಅಲ್ಲಿ ಬಿಟ್ಟು ನಾ ಇಲ್ಲಿ ಬಿಸಿನೀರು ಹಾಕಿಸ್ಕೊಂತ ಕುಂದ್ರಲೇನು?" ಒಂದು ಬೆಂಡು ಒಲೆಗೆ ತಳ್ಳಿದಳು. "ಅದೂ ನೆವಾ. ನಿನಗ್ಯಾಕ ಸುಳ್ಳು ಹೇಳಲಿ. ಹೋದ ಸಲ ಅವರು ಕಾರಿನ್ಯಾಗ ಕರಕೊಂಡು ಹೋಗೂವಾಗ ದಾರಿ ಉದ್ದಕ್ಕೂ ಅಳಕೋತ ಹೋದೆ. ಈ ಸಲ ಇಲ್ಲಿಗೆ ಬಂದ್ರ ಆ ಮನಿ ನೆನಸಿ ಅಳ್ತೀನಿ ಅನ್ನಸ್ತೈತಿ. ಯಾವಾಗ ಹಿಂಗಾತೋ ನನಗ ಗೊತ್ತಾಗಲಿಲ್ಲ."

"ಮೊದಲ ಹೇಳಬಾರದಿತ್ತೇನು?"

"ನೀ ಆ ಕಟ್ಟರ್ ತೊಡಿ ಮ್ಯಾಲಿಟ್ಕೊಂಡು ಫೋಟೋ ಕಳಿಸಿದ್ಯಲ್ಲ. ಹೆಂಗ ಹೇಳಲಿ?"

ಇಷ್ಟು ವರ್ಷ ನಾನು ಅತ್ತೆಯನ್ನು ಬೈದುಕೊಂಡಿದ್ದೆ, ಮನಸ್ಸಿನಲ್ಲೇ. ಅದು ಸುಲಭವಾಗಿತ್ತು. ಕಡಪಾ ಕಲ್ಲನ್ನು ಬೈದುಕೊಂಡಿದ್ದೆ. ಜಾರುವ ನೆಲಕ್ಕೆ ಟೈಲ್ಸ್ ಇದೆ, ಟೈಲ್ಸಿಗೆ ಕಟ್ಟರ್ ಇದೆ. ಒಬ್ಬಳ ಮನೆ ಸದ್ದಿಲ್ಲದೆ ಒಂದೂರಿನಿಂದ ಇನ್ನೊಂದೂರಿಗೆ ಸರಿದುಹೋದರೆ ಅದಕ್ಕೆ ಯಾವ ಅಂಗಡಿಯಲ್ಲಿ ಏನು ಕೇಳಬೇಕು? ಅವಳು ಅಲ್ಲಿ ಸುಖವಾಗಿದ್ದಾಳೆ. ತಂಗಿಯಾದವಳು ದೇವರಲ್ಲಿ ಕೇಳಿಕೊಳ್ಳಬೇಕಾದದ್ದು ಅದನ್ನೇ ಅಲ್ಲವೇ? ನಾನೂ ಅದನ್ನೇ ಕೇಳಿಕೊಂಡಿದ್ದೆ. ಸಿಕ್ಕಾಗ ಏನೋ ಕಳೆದುಕೊಂಡ ಹಾಗೆ ಯಾಕಾಗಬೇಕು?

"ಹಂಡೆ ತುಂಬೈತೇನು?" ಅಕ್ಕ ಕೇಳಿದಳು.

"ಐತಿ."

"ಹಂಗಾರ ಕಾಸು. ಇವತ್ತು ತಲಿಮ್ಯಾಲ ನೀರು ಹಾಕ್ಕೊಂಡ ಹೋಗ್ತೀನಿ. ನೀನ ಹಾಕು."

ಒಳಗಿನಿಂದ ಅವ್ವ ಕೂಗಿದಳು, "ನೀರು ಕಾದೈತೇನ್ರೇ?"

ಹಂಡೆಯಿಂದ ಹಬೆ ಏಳುತ್ತಿತ್ತು. ಇಬ್ಬರೂ ಒಟ್ಟಿಗೆ ಕೂಗಿದೆವು: "ಇನ್ನೂ ಕಾದಿಲ್ಲವ್ವಾ!"

ಅಕ್ಕನಿಗೆ ಎಣ್ಣೆ ಹಚ್ಚಿದೆ. ನೀರು ಹಾಕಿದೆ. ಅವಳ ಬೆನ್ನು ಅಗಲವಾಗಿದೆ. ಮುಂಗೈಯಲ್ಲಿ ಮೂಳೆ ಕೂಡಿದ ಕಡೆ ಸಣ್ಣ ಗಂಟಿದೆ. ನೀರು ಎಲ್ಲೂ ನಿಲ್ಲದೆ ಅವ್ವನ ಇಳಿಜಾರು ಹಿಡಿದು ಮೋರಿಗೆ ಹೋಯಿತು. ಅವಳು ಎದ್ದಾಗ ತೋಳು ಹಿಡಿದೆ.

"ಬಿಡಲೇ, ಜಾರಂಗಿಲ್ಲ."

"ಗೊತ್ತು," ಅಂದೆ. ಬಿಡಲಿಲ್ಲ.

ಸಂಜೆ ಬಸ್ಸಿಗೆ ಹೋದರು. ಅವ್ವನಿಗೆ ಅಕ್ಕನೇ ಹೇಳಿದಳು, ಹೊರಡುವ ಸ್ವಲ್ಪ ಮೊದಲು, ಅಡುಗೆಮನೆಯಲ್ಲಿ. ಅವ್ವ ಅವಳ ತಲೆಗೆ ಹೂವಿನಹಡಗಲಿ ಮಲ್ಲಿಗೆಯ ಮಾಲೆ ಮುಡಿಸಿದಳು. ಒದ್ದೆ ಕೂದಲಿಗೆ ಹೂವು ನಿಲ್ಲುತ್ತಿರಲಿಲ್ಲ. ಮತ್ತೆ ಮತ್ತೆ ಸಿಕ್ಕಿಸಿದಳು.

ಈಗ ಪಕ್ಕದ ಬೀದಿಯವರು ಬಂದು ನಮ್ಮ ಬಚ್ಚಲು ನೋಡಿ ಹೋಗುತ್ತಾರೆ. "ನಮ್ಮದೂ ಹಾಕ್ಕೊಡ್ತೀಯೇನವ್ವ?" ಎಂದು ಒಬ್ಬರು ಕೇಳಿದ್ದಾರೆ. ಹೋಗಬಹುದು. ಸೆಮಿಸ್ಟರ್ ಇನ್ನೂ ಶುರುವಾಗಿಲ್ಲ, ಕಟ್ಟರ್ ಇದೆ, ಕೈ ಸ್ವಲ್ಪ ಕುದುರಿದೆ. ನೋಡಲು ಬಂದವರೆಲ್ಲ ಗೋಡೆಯಿಂದ ಗೋಡೆಗೆ ಟೈಲ್ಸ್ ಬೇಕು ಅನ್ನುತ್ತಾರೆ. ಒರಳು ಕಿತ್ತಿದ್ದಾರೆ, ಒಲೆ ಕಿತ್ತಿದ್ದಾರೆ, ಬಟ್ಟೆ ಒಗೆಯುವ ಕಲ್ಲನ್ನು ಹಿತ್ತಲಿಗೆ ಉರುಳಿಸಿದ್ದಾರೆ. ನೆಲ 'ನೀಟ್' ಇರಬೇಕು. ಬೇಡ ಅನ್ನಲು ನಾನು ಯಾರು? ಅಳತೆ ತೆಗೆಯುವ ಮೊದಲು ಒಂದೇ ಒಂದು ಮಾತು ಕೇಳಬೇಕೆಂದುಕೊಂಡಿದ್ದೇನೆ. ಅದನ್ನು ನಿಮಗೂ ಕೇಳಿಬಿಡುತ್ತೇನೆ.

ಈ ನೆಲದಲ್ಲಿ ಯಾರ ಜಾಗ ಬಿಡಲಿ?